ಎರಡೆರಡು ಸಲ ಎಣಿಸಿದ ಜೋಡಿ

ಮಾರ್ಚ್ 3
ಕ್ಲಾಸ್. ಚಹಾ. ನಾಳೆಯ ಪಾಠಕ್ಕೆ ನನ್ನದೇ ಹಳೆ ಪೇಪರ್ ತೆಗೆದೆ. ಒಂಬತ್ತು ವರ್ಷದ ಹಿಂದಿನದು, ಈ ಕೆಲಸ ಕೊಡಿಸಿದ್ದು. ಆರು ಕೆಲ್ವಿನ್‌ಗೆ ತಣಿಸಿದರೆ ಈ ಹರಳು ಕಾಂತವಾಗುತ್ತೆ ಅಂತ ಬರೆದಿದ್ದೆ. ಪಕ್ಕಪಕ್ಕದ ಪರಮಾಣುಗಳ ಪ್ರತಿ ಜೋಡಿಯನ್ನೂ ಎರಡೆರಡು ಸಲ ಎಣಿಸಿದ್ದೇನೆ! ಮೊದಲ ವರ್ಷದವರಿಗೆ ಬೈಯುವ ತಪ್ಪು.
ಮೂರು ಸಲ ಮಾಡಿ ನೋಡಿದೆ. ಆರಲ್ಲ, ಮೂರು ಕೆಲ್ವಿನ್.

ಮಾರ್ಚ್ 4
ಆ ಪುಟ ಹಾರಿಸಿ ಪಾಠ ಮಾಡಿದೆ. ಯಾರೂ ಕೇಳಲಿಲ್ಲ.
ಮೆಟ್ಟಿಲಲ್ಲಿ ತಂಪಣ್ಣ ಸಿಕ್ಕ. ಕೆಳಗಿನ ಲ್ಯಾಬಿನವನು — ನಾಲ್ಕು ವರ್ಷದಿಂದ ನನ್ನ ಹರಳನ್ನು ತಣಿಸುವುದೇ ಕೆಲಸ, ಅದಕ್ಕೇ ಆ ಹೆಸರು. ಅವನ ಮಷೀನ್ ನಾಲ್ಕು ಕೆಲ್ವಿನ್‌ಗಿಂತ ಕೆಳಗಿಳಿಯುವುದಿಲ್ಲ.
"ಏನೂ ಕಾಣ್ತಿಲ್ಲ ಮೇಡಂ. ನನ್ನ ಹರಳೇ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ನಿಮ್ಮ ಲೆಕ್ಕಾನ ಬೈಯಕ್ಕಾಗುತ್ತಾ?"
"ಹ್ಞೂಂ" ಅಂದೆ.

ಮಾರ್ಚ್ 5
ತಿದ್ದುಪಡಿ ಟೈಪ್ ಮಾಡಿದೆ. ನಾಲ್ಕು ಸಾಲು. ಜರ್ನಲ್‌ಗೆ ಕಳಿಸಲಿಲ್ಲ.
ಅಕ್ಕನ ಫೋನ್. ಹೇಳಿದೆ.
"ಎಷ್ಟು ಜನ ಓದಿದಾರೆ ಅದನ್ನ?"
"ನಾನೂರು ಜನ ತಮ್ಮ ಪೇಪರಲ್ಲಿ ಉಲ್ಲೇಖಿಸಿದ್ದಾರೆ."
"ಅಷ್ಟು ಜನಕ್ಕೆ ಕಾಣ್ದಿದ್ದು ನಿಂಗೇ ಕಾಣ್ಬೇಕಿತ್ತಾ? ಸುಮ್ನಿರೇ."
ನಗು ಬರಲಿಲ್ಲ. ಅಳುವೂ ಇಲ್ಲ. ಊಟ ಮಾಡಿದೆ.

ಮಾರ್ಚ್ 19
ಪ್ರೊಫೆಸರ್ ಹುದ್ದೆಗೆ ನನ್ನ ಫೈಲ್ ಕಮಿಟಿ ಮುಂದಿದೆಯಂತೆ. ಮೊದಲ ಪುಟದಲ್ಲೇ ಆ ಪೇಪರ್… ತಿದ್ದುಪಡಿ ಇನ್ನೂ ಕಳಿಸಿಲ್ಲ.

ಮಾರ್ಚ್ 22
ತಂಪಣ್ಣನ ಸೆಮಿನಾರ್. "ಥಿಯರಿ ಸರಿಯಾಗೇ ಇದೆ. ಎಡವಿದ್ದು ನಾವು" ಅಂದ, ಎಲ್ಲರ ಮುಂದೆ. ಫಲಿತಾಂಶವಿಲ್ಲ ಅಂತ ಅವನ ಕೆಲಸದ ಅವಧಿ ಮುಂದುವರಿಸುವುದಿಲ್ಲವಂತೆ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ನಾಚಿಕೆಯಾಯಿತು. ಇಷ್ಟು ದಿನದಲ್ಲಿ ಆದದ್ದು ಅದೊಂದೇ.

ಮಾರ್ಚ್ 23, ಬೆಳಿಗ್ಗೆ ಹನ್ನೊಂದು
ತಿದ್ದುಪಡಿಯ ಪ್ರಿಂಟ್ ಹಿಡಿದು ಕೆಳಗೆ ಹೋದೆ. ಮಷೀನ್ ಅರ್ಧ ಬಿಚ್ಚಿದ್ದ. ಕೈ ಒರೆಸಿಕೊಂಡು ಎದ್ದ. ನಾನು ಬಾಯಿ ತೆರೆಯುವ ಮೊದಲೇ —
"ಕ್ಷಮಿಸಿ ಮೇಡಂ. ಅಷ್ಟು ಒಳ್ಳೆ ಪೇಪರು. ನನ್ನ ಕೈಲಿ ತೋರ್ಸಕ್ಕಾಗ್ಲಿಲ್ಲ."
ಕಾಗದ ಕೊಟ್ಟೆ. ನಾಲ್ಕೇ ಸಾಲು, ಬಹಳ ಹೊತ್ತು ಓದಿದ. ಆಮೇಲೆ ಮೆಲ್ಲಗೆ, "ಯಾವತ್ತು ಗೊತ್ತಾಯ್ತು?"
"ನಿನ್ನೆ" ಅಂದೆ.
ಕಾಗದದ ತಲೆಯಲ್ಲಿ ತಾರೀಖಿತ್ತು. ಮಾರ್ಚ್ ಐದು. ಅದರ ಮೇಲೆ ಬೆರಳಿಟ್ಟ. ನಾನು…