ಭವ್ಯಳ ಹೆಬ್ಬಾತುಗಳು

೯ ನವೆಂಬರ್ ೧೯೯೯, ಮಂಗಳವಾರ. ರಾಮಮೂರ್ತಿ ನಗರ

ಎರಡು ಹೆಬ್ಬಾತುಗಳನ್ನೂ ಇವತ್ತು ಬೇರೆಯವರಿಗೆ ಕೊಟ್ಟುಬಿಟ್ಟೆವು. “ಅವುಗಳ ಕೂಗಿಗೆ ನಿದ್ದೇನೇ ಬರಲ್ಲ ರೀ,” ಎಂದು ಮಹಡಿಯ ಬಾಡಿಗೆಯವರು ದಿನವೂ ದೂರುತ್ತಿದ್ದರು. ಹಾವು, ಕಳ್ಳರು ಬಾರದಂತೆ ಕಾವಲಿಗೆಂದು ಸಾಕಿದ್ದು. ಆದರೆ ಅವು ಮಗಳು ಭವ್ಯಳ ಗೆಳೆಯರಾಗಿಬಿಟ್ಟವು. ಹುಟ್ಟಿದಾಗಿನಿಂದ ಕಿವಿ ಕೇಳದ ಮಗು, ಬೀದಿಯ ಮಕ್ಕಳು ಆಟಕ್ಕೆ ಸೇರಿಸುವುದಿಲ್ಲ. ಅವಳು ಕೈಯೆತ್ತಿದರೆ ಸಾಕು, ಎರಡೂ ಕತ್ತು ಚಾಚಿ ಓಡಿಬಂದು ಲಂಗ ಹಿಡಿದು ಎಳೆಯುತ್ತಿದ್ದವು.

ಸಂಜೆ ಖಾಲಿ ಗೂಡು ತೋರಿಸಿ, ಎಲ್ಲಿ ಎಂದು ಕೈಯಲ್ಲೇ ಕೇಳಿದಳು.

“ಗಲಾಟೆ ಮಾಡ್ತಿದ್ವು ಅಂತ ಹೇಳ್ಬಿಡೇ,” ಎಂದರು ಇವರು.

ಗಲಾಟೆಯೆಂದರೆ ಅವಳಿಗೇನು ಗೊತ್ತು? ಆದರೂ ನನ್ನ ಎರಡೂ ಕಿವಿ ಮುಚ್ಚಿ ಹಿಡಿದು, ಮುಖ ಕಿವುಚಿ ತೋರಿಸಿದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ತಾನೂ ಎರಡೂ ಕಿವಿ ಹಿಡಿದುಕೊಂಡು, ಅಳುತ್ತಾ ಬಸ್ಕಿ ಹೊಡೆಯತೊಡಗಿದಳು.

ತಪ್ಪು ನಿನ್ನದಲ್ಲ ಮಗಳೇ ಎಂದು ಯಾವ ಸನ್ನೆಯಲ್ಲಿ...