ಅಮ್ಮನ ಹಲ್ಲುಸೆಟ್ಟು, ಏಳನೇ ಐಟಂ

ಮಾರ್ಚ್ 4, ಬುಧವಾರ

ಹತ್ತರಲ್ಲಿ ಆರು ಸಿಕ್ಕಿವೆ. ಕಂಪ್ಯೂಟರಿನ ಎರರ್ ಮೆಸೇಜುಗಳನ್ನು ಉಲ್ಲನ್ನಿನಲ್ಲಿ ಹೆಣೆಯುವ ನಿವೃತ್ತ ಟೀಚರ್ — ಒಂದು. ಬಟ್ಟೆ ಮಡಿಸುವ ರೋಬೋ — ಎರಡು. ಗೋಡೆಯ ಪೇಂಟ್ ಒಣಗುವುದನ್ನು ಲೈವ್ ತೋರಿಸುವ ಚಾನೆಲ್. ನಲವತ್ತು ಸಾವಿರ ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಹಾಳಾದ ಚಾರ್ಜರ್‌ಗಳ ಮ್ಯೂಸಿಯಂ. ತನ್ನ ಫ್ರಿಜ್ಜಿನ ಗುರ್ರ್ ಸದ್ದನ್ನು ದಿನಾ ಅಪ್‌ಲೋಡ್ ಮಾಡುವ ಪುಣ್ಯಾತ್ಮ. ಬೆಕ್ಕಿನ ಮೂಡ್ ಹೇಳುವ ಆ್ಯಪ್. ಆಫೀಸಿನ ಬೆಕ್ಕಿನ ಮುಂದೆ ಹಿಡಿದೆ, 'ಸಂತೃಪ್ತ' ಅಂತು. ಅದು ಆಗಷ್ಟೇ ನನ್ನ ಕೈ ಪರಚಿತ್ತು.

ಒಂಬತ್ತು ವರ್ಷದಿಂದ ಇದೇ ಕೆಲಸ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ನಮ್ಮ ವೆಬ್‌ಸೈಟಿನಲ್ಲಿ 'ವಾರದ ವಿಚಿತ್ರಗಳು' ತಾನಾಗೇ ಪ್ರಕಟವಾಗುತ್ತದೆ. ಹತ್ತು ಐಟಂ. ಒಂದೊಂದಕ್ಕೂ ಒಂದು ಫೋಟೋ, ಅದರಡಿ ನಗಿಸುವ ಒಂದು ಸಾಲು. ಇದನ್ನ ಓದಿ ಯಾರಿಗೇನು ಉಪಯೋಗ ಅಂತ ಅಕ್ಕ ಕೇಳುತ್ತಾಳೆ. ನನಗೇನು ಗೊತ್ತು. ಅವಳಂತೂ ಒಂದು ದಿನವೂ ಓದಿಲ್ಲ.

ಏಳನೆಯದು ಯಾವಾಗಲೂ ಕಲೆ. ಅದು ಸಿಗುವುದೇ ತಡ. ಜಾಗ ಖಾಲಿ ಬಿಟ್ಟರೆ ಪೇಜು ಅಸ್ತವ್ಯಸ್ತವಾಗುತ್ತದೆ, ಅದಕ್ಕೆ ಸಿಗುವ ತನಕ ಏನಾದರೊಂದು ತುಂಬಿಸಿಡುತ್ತೇನೆ. ಒಂದು ವರ್ಷದಿಂದ ಅಕ್ಕ ಮಾಡಿದ್ದನ್ನೇ ತುಂಬಿಸುವ ಚಟ ಹತ್ತಿದೆ. ಗುರುವಾರ ಸಂಜೆ ತೆಗೆದುಬಿಡುತ್ತೇನೆ. ಒಂದು ದಿನವಾದರೂ ಅದು ಅಲ್ಲಿ, ಜಗತ್ತಿನ ವಿಚಿತ್ರಗಳ ಪಕ್ಕ ಇರುತ್ತದಲ್ಲ... ಏನೋ ಖುಷಿ.

ಅಕ್ಕ ಡೆಂಟಲ್ ಲ್ಯಾಬಿನಲ್ಲಿ ಹಲ್ಲುಸೆಟ್ಟು ಮಾಡುತ್ತಾಳೆ, ಇಪ್ಪತ್ತಾರು ವರ್ಷದಿಂದ. ಮನೆಗೆ ಬಂದಮೇಲೆ, ಯಾರಿಗೂ ಬೇಡವಾದ ಸೆಟ್ಟುಗಳ ಒಳಗೆ ಕೋಣೆ ಕಟ್ಟುತ್ತಾಳೆ. ಅಂಗುಳಿನ ಜಾಗದಲ್ಲಿ ನೆಲ, ಹಲ್ಲಿನ ಸಾಲೇ ಕಾಂಪೌಂಡು. ಹದಿನಾಲ್ಕು ಆಗಿವೆ. ಹದಿನಾಲ್ಕನೆಯದು ಅಮ್ಮನದು. ಅಮ್ಮನಿಗೆ ತಾನೇ ಮಾಡಿಕೊಟ್ಟಿದ್ದ ಸೆಟ್ಟು, ಅಮ್ಮ ಹೋದಮೇಲೆ ವಾಪಸ್ ಇವಳ ಕೈಗೇ ಬಂತು. ಅದರೊಳಗೆ ನಮ್ಮ ಹಳೇ ಬಾಡಿಗೆ ಮನೆಯ ಅಡುಗೆಮನೆ. ಅಕ್ಕಿಕಾಳಿನಷ್ಟು ಸ್ಟೌವ್. ಸ್ಟೂಲಿನ ಮೇಲೆ ಬೆನ್ನು ತೋರಿಸಿ ಕೂತ ಹೆಂಗಸು. ಇಡೀ ಎಂಟು ತಿಂಗಳು ಹಿಡಿಯಿತು. ನೋಡಿದವರು ಇಬ್ಬರೇ — ನಾನು, ಮತ್ತೆ ಲ್ಯಾಬಿನಲ್ಲಿ ಅವಳ ಪಕ್ಕದ ಟೇಬಲಿನಲ್ಲಿ ಅಚ್ಚು ಸುರಿಯುವ ಅಚ್ಚಿನಣ್ಣ. ಯಾರಿಗೂ ತೋರಿಸಬೇಡ ಅಂತ ನನ್ನಿಂದ ಮಾತು ತಗೊಂಡಿದ್ದಳು. ಅವಳು ಸ್ನಾನಕ್ಕೆ ಹೋಗಿದ್ದಾಗ ಫೋಟೋ ತೆಗೆದೆ.

ಇವತ್ತು ಏಳಕ್ಕೆ ಅದನ್ನೇ ಹಾಕಿದೆ. ಸಾಲು: 'ಅಜ್ಜಿ ಬಾಯಲ್ಲಿ ಸಿಂಗಲ್ ರೂಮು ಬಾಡಿಗೆಗಿದೆ. ಹಲ್ಲುಜ್ಜುವ ಹೊತ್ತಲ್ಲಿ ಖಾಲಿ ಮಾಡಬೇಕು.' ಒಬ್ಬನೇ ನಕ್ಕೆ.

ಮಾರ್ಚ್ 5, ಗುರುವಾರ, ಸಂಜೆ 6.40

ರೋಬೋ ಕೈ ಕೊಟ್ಟಿತು. ಬಟ್ಟೆ ಮಡಿಸುವುದು ಅದಲ್ಲವಂತೆ, ಪಕ್ಕದ ರೂಮಿನಲ್ಲಿ ಒಬ್ಬ ಮನುಷ್ಯ ಕೂತು ರಿಮೋಟಿನಲ್ಲಿ ಅದರ ಕೈ ಆಡಿಸುತ್ತಾನಂತೆ. ಎರಡನೇ ಐಟಂ ಪೂರ್ತಿ ತೆಗೆದು ಹೊಸದಾಗಿ ಬರೆದೆ. ಮೂರು ಗಂಟೆ ಅದಕ್ಕೇ ಹೋಯಿತು. ತಲೆ ಸಿಡಿಯುತ್ತಿದೆ. ಎಲ್ಲ ಲಾಕ್ ಮಾಡಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದೊಂದೇ ಸಮಾಧಾನ.

ಮಾರ್ಚ್ 6, ಶುಕ್ರವಾರ, ಬೆಳಿಗ್ಗೆ 8.10

ಬಸ್ಸಿನಲ್ಲಿ ಫೋನ್ ತೆಗೆದೆ.

ಏಳು. ಅಮ್ಮನ ಹಲ್ಲು. ಕೆಳಗೆ ನನ್ನ ಸಾಲು. ತೆಗೆಯಲು ಮರೆತಿದ್ದೇನೆ. ಒಂದು ಗಂಟೆಯಲ್ಲಿ ಆರು ಸಾವಿರ ಶೇರ್.

ಅದೇ ದಿನ, ಸಂಜೆ 5

ಆಫೀಸಿಗೆ ಓಡಿದೆ. ತೆಗೆದುಬಿಡೋಣ, ಫೋಟೋ ಯಾರದು ಅಂತ ಸರಿಯಾಗಿ ಗೊತ್ತಿಲ್ಲ ಅಂದೆ. ಎಡಿಟರ್ ಕುರ್ಚಿಯಿಂದ ಎದ್ದು ಬಂದು ಬೆನ್ನು ತಟ್ಟಿದರು. ಒಂಬತ್ತು ವರ್ಷದಲ್ಲಿ ನಮ್ಮ ಯಾವ ಐಟಮ್ಮೂ ಇಷ್ಟು ಓಡಿಲ್ಲವಂತೆ. ಮಾಡಿದವರು ಬಂದು ಕೇಳಲಿ, ಆಗ ತೆಗೆಯೋಣ ಅಂದರು.

ಆಗಲೇ ಹೇಳಬಹುದಿತ್ತು. ನಮ್ಮಕ್ಕ ಮಾಡಿದ್ದು, ಕದ್ದು ತೆಗೆದದ್ದು ಅಂತ. ಬೆನ್ನ ಮೇಲೆ ಇನ್ನೂ ಅವರ ಕೈ ಇತ್ತು. ಎಷ್ಟು ವರ್ಷವಾಗಿತ್ತು ಯಾರಾದರೂ ನನ್ನನ್ನು ಹೊಗಳಿ. ಸೀಟಿಗೆ ವಾಪಸ್ ಬಂದೆ. ಛೀ.

ಮಾರ್ಚ್ 8, ಭಾನುವಾರ

ಫೋನಿನ ಕ್ಯಾಮೆರಾಕ್ಕೆ ಅದರದೇ ಫಿಲ್ಟರ್ ಬಂದಿದೆ. ಬಾಯಿ ತೆರೆದರೆ ಸಾಕು, ನಮ್ಮ ಬಾಯೊಳಗೂ ಅಡುಗೆಮನೆ ಕಾಣಿಸುತ್ತದೆ. ಸ್ಟೂಲಿನ ಮೇಲೆ ಕೂತಿರುವ ಹೆಂಗಸು ತಿರುಗಿ ಕಣ್ಣು ಹೊಡೆಯುತ್ತಾಳೆ. ಅಮ್ಮ ಕಣ್ಣು ಹೊಡೆಯುತ್ತಾಳೆ! ಯಾವನೋ ಮಹಾರಾಯನ ತಲೆ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ನಾನೂ ಬೇರೆಯವರದು ಇಂಥದ್ದೆಷ್ಟನ್ನು ಪಟ್ಟಿಗೆ ಹಾಕಿ ನಕ್ಕಿಲ್ಲ.

ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಏನೋ ಮುಖ ಒಂಥರಾ ಇದೆ, ಹುಷಾರಿಲ್ವಾ ಅಂತ ಹಣೆ ಮುಟ್ಟಿ ನೋಡಿದಳು. ಹೇಳಬೇಕು. ನಾಳೆ.

ಮಾರ್ಚ್ 10, ಮಂಗಳವಾರ

ಗೊತ್ತಾಯಿತು. ಲ್ಯಾಬಿನ ರಿಸೆಪ್ಷನ್ ಹುಡುಗಿ ತೋರಿಸಿದಳಂತೆ, ನಮ್ಮ ಲೈನಿನದೇ ಏನೋ ತಮಾಷೆ ಬಂದಿದೆ ನೋಡಿ ಮೇಡಂ ಅಂತ. ಅಷ್ಟು ಹೊತ್ತಿಗೆ ಅದು ಎಷ್ಟು ಕೈ ದಾಟಿತ್ತೆಂದರೆ ನಮ್ಮ ಸೈಟಿನ ಹೆಸರು, ನನ್ನ ಸಾಲು ಯಾವುದೂ ಅದರಲ್ಲಿ ಉಳಿದಿಲ್ಲ. ಬರೀ ಫೋಟೋ.

ಅಕ್ಕ ಮಧ್ಯಾಹ್ನಕ್ಕೇ ಮನೆಗೆ ಬಂದಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ವಾಸಿ. ಅಡುಗೆ ಮಾಡಿದಳು, ಬಡಿಸಿದಳು, ಎದುರು ಕೂತಳು.

"ಅಚ್ಚಿನಣ್ಣನೇ. ಇನ್ಯಾರು? ಅವರಿಗೊಬ್ಬರಿಗೇ ತೋರಿಸಿದ್ದು," ಅಂದಳು. "ನೀನಂತೂ ಅಲ್ಲ ಬಿಡು."

ಅವರ ಹತ್ತಿರ ಇರುವುದು ಬಟನ್ ಫೋನು, ಅದರಲ್ಲಿ ಕ್ಯಾಮೆರಾನೇ ಇಲ್ಲವಲ್ಲ ಅಂದೆ. ಅದಕ್ಕೂ ಉತ್ತರ ಇತ್ತು ಅವಳ ಹತ್ತಿರ. ಹೋದ ತಿಂಗಳು ಅವರ ಸೊಸೆ ಊಟದ ಡಬ್ಬಿ ಕೊಡಲು ಬಂದಿದ್ದಳಂತೆ, ಆಗ ತೆಗೆಸಿರಬೇಕಂತೆ. ಕ್ಯಾಮೆರಾ ಇಲ್ಲ ಅಂತ ಹೇಳಿದೆನಲ್ಲ, ಅಷ್ಟಕ್ಕೇ ದೊಡ್ಡ ಸತ್ಯವಂತನ ಹಾಗೆ ಅನ್ನಿಸಿತು. ನೀರಿನ ಜಗ್ಗು ಅವಳತ್ತ ಸರಿಸಿದೆ.

ಮಾರ್ಚ್ 11, ಬುಧವಾರ

ಎಡಿಟರ್ ಹೊಸ ಕೆಲಸ ಕೊಟ್ಟರು. ಹಲ್ಲಿನ ಅಡುಗೆಮನೆ ಮಾಡಿದ್ದು ಯಾರು, ಪತ್ತೆ ಹಚ್ಚಬೇಕಂತೆ. ಮೊದಲು ನಾವೇ ಇಂಟರ್ವ್ಯೂ ಹಾಕಬೇಕಂತೆ. "ನೀನು ಬಿಟ್ರೆ ಯಾರಿಂದಲೂ ಆಗಲ್ಲ" ಅಂದರು.

ಇಡೀ ದಿನ ಹುಡುಕುವ ಹಾಗೆ ನಾಟಕ ಮಾಡಿದೆ. ಊರೆಲ್ಲ ಹುಡುಕಿದ ಹಾಗೆ ಟ್ಯಾಬ್‌ಗಳನ್ನು ತೆರೆದಿಟ್ಟುಕೊಂಡು ಕೂತೆ.

ಮಾರ್ಚ್ 13, ಶುಕ್ರವಾರ

ಮೆಷಿನ್ನುಗಳು ಶುರು ಹಚ್ಚಿಕೊಂಡವು. ಹಲ್ಲುಸೆಟ್ಟಿನೊಳಗೆ ಲೈಬ್ರರಿ, ಹಲ್ಲುಸೆಟ್ಟಿನೊಳಗೆ ಏರ್‌ಪೋರ್ಟು, ಈಜುಕೊಳ. ಒಂದು ಸಾಲು ಟೈಪ್ ಮಾಡಿದರೆ ನಾಲ್ಕು ಚಿತ್ರ ಉದುರುತ್ತವೆ. ಸಾವಿರಗಟ್ಟಲೆ. ನುಣುಪಾಗಿವೆ, ಬೆಳಕು ಚೆನ್ನಾಗಿದೆ. ಅಕ್ಕ ನನ್ನ ಫೋನ್ ಇಸಕೊಂಡು ಒಂದೊಂದೇ ನೋಡಿದಳು. ಕನ್ನಡಕ ಹಣೆ ಮೇಲೆ ಎತ್ತಿ, ಹತ್ತಿರ ಹಿಡಿದು, ಲ್ಯಾಬಿನಲ್ಲಿ ಕೆಲಸ ಚೆಕ್ ಮಾಡುವ ಹಾಗೆ.

"ನನಗಿಂತ ಚೆನ್ನಾಗಿ ಮಾಡ್ತಾವಲ್ಲೋ."

ಇಲ್ಲ ಅಕ್ಕ, ಇದು ಮಾಡಿದ್ದಲ್ಲ, ಇದಕ್ಕೆ ಕೈಯೇ ಇಲ್ಲ ಅಂದೆ. ಏನೇನೋ ಹೇಳಿದೆ. ಅವಳು ಕೆಳಗಿನ ಕಾಮೆಂಟು ಓದುತ್ತಿದ್ದಳು. ಅಮ್ಮನ ಹಲ್ಲಿನ ಅಸಲಿ ಫೋಟೋದ ಕೆಳಗೆ ಯಾವನೋ ಪಂಡಿತ ಬರೆದಿದ್ದ: ಸ್ಟೂಲಿನ ನೆರಳು ತಪ್ಪು ದಿಕ್ಕಿನಲ್ಲಿದೆ, ಇದೂ ಮೆಷಿನ್ ಮಾಡಿದ್ದೇ, ಮನುಷ್ಯರು ಇಂಥದ್ದಕ್ಕೆ ಸಮಯ ಹಾಳು ಮಾಡುವುದಿಲ್ಲ. ಒಂಬೈನೂರು ಜನ ಹೌದೌದು ಅಂದಿದ್ದಾರೆ.

ನೆರಳು ಯಾಕೆ ಹಾಗಿದೆ ಅಂತ ನನಗೆ ಗೊತ್ತು. ಅಕ್ಕ ಬಂದುಬಿಟ್ಟಾಳು ಅಂತ ಅವಸರದಲ್ಲಿ, ಬಾತ್‌ರೂಮಿನ ಬಾಗಿಲ ಸಂದಿಯಿಂದ ಬೀಳುತ್ತಿದ್ದ ಬೆಳಕಲ್ಲೇ ತೆಗೆದೆನಲ್ಲ.

ಅಕ್ಕನ ಟೇಬಲ್ ಲ್ಯಾಂಪು ಈ ವಾರ ಹತ್ತಿಲ್ಲ.

ಮಾರ್ಚ್ 17, ಮಂಗಳವಾರ

ಅಚ್ಚಿನಣ್ಣ ಕೆಲಸ ಬಿಟ್ಟರು. ಅಕ್ಕ ನಿನ್ನೆ ಎಲ್ಲರೆದುರಿಗೂ ಕೇಳಿಬಿಟ್ಟಳಂತೆ. ಅವರು ನಾನಲ್ಲಮ್ಮ ಅಂದರಂತೆ. ಇನ್ಯಾರು ಮತ್ತೆ, ನನ್ನ ತಮ್ಮನಾ ಅಂತ ಇವಳು ಕೇಳಿದಳಂತೆ. ಮಾಲೀಕರು ಅವರನ್ನು ಒಳಗೆ ಕರೆದು ವಿಚಾರಿಸಿದರು. ಪೇಷೆಂಟುಗಳ ಬಾಯಿ ಅಳತೆ ಇರುವ ಜಾಗ, ಹೊರಗೆ ಹೀಗೆಲ್ಲ ಹೋದರೆ ಹೇಗೆ ಅಂದರಂತೆ. ಇಪ್ಪತ್ತೆರಡು ವರ್ಷ ಅಲ್ಲಿ ಅಚ್ಚು ಸುರಿದ ಮನುಷ್ಯ, ಏಪ್ರನ್ ಬಿಚ್ಚಿ ಮಡಿಸಿಟ್ಟು ಹೊರಟುಹೋದರಂತೆ.

"ತಪ್ಪಿಲ್ದೆ ಇದ್ರೆ ಯಾಕೆ ಹೋಗ್ತಾರೆ?" ಅಂದಳು ಅಕ್ಕ.

ಹೂಂ ಅಂದೆ. ಹೂಂ ಅಂದೆ ನಾನು.

ಮಾರ್ಚ್ 18

ಹೇಡಿ.

ಮಾರ್ಚ್ 28, ಶನಿವಾರ, ಮಧ್ಯಾಹ್ನ 1

ಹೇಳಿದೆ.

ಬೆಳಿಗ್ಗೆ ಹನ್ನೊಂದಕ್ಕೆ. ಅಕ್ಕ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಕೂರಲು ಧೈರ್ಯ ಬರಲಿಲ್ಲ. ಫೋಟೋ ತೆಗೆದದ್ದು, ಏಳನೇ ಜಾಗ, ಗುರುವಾರ ಮರೆತದ್ದು, ಎಡಿಟರ್ ಬೆನ್ನು ತಟ್ಟಿದ್ದು. ರೋಬೋ ವಿಷಯವನ್ನೂ ಹೇಳಿದೆ, ಅದೇನೋ ದೊಡ್ಡ ಕಾರಣ ಅನ್ನುವ ಹಾಗೆ. ಅವಳು ಚಾಕು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು.

"ಮರೆತೆ ಅಂದ್ಯಲ್ಲ, ಅದು ಸರಿ," ಅಂದಳು. "ಮರೆವು ಯಾರಿಗಿಲ್ಲ. ಅಮ್ಮನ ಹಲ್ಲು ಊರೆಲ್ಲ ನೋಡಿ ನಕ್ರು, ಹೋಗ್ಲಿ, ಅದನ್ನೂ ನುಂಗ್ಕೋತೀನಿ. ಹದಿನೆಂಟು ದಿನ ಆ ಮನುಷ್ಯನ್ನ ಬಾಯಿಗೆ ಬಂದ ಹಾಗೆ ಬೈದೆ ಕಣೋ ನಾನು. ನೀನು ಎದುರಿಗೆ ಕೂತು ಊಟ ಮಾಡ್ತಿದ್ದೆ. ಇನ್ನೊಂಚೂರು ಹಾಕು ಅಂತ ತಟ್ಟೆ ಹಿಡಿದೆ."

ಮತ್ತೆ ಚಾಕು ತಗೊಂಡು ಉಳಿದದ್ದನ್ನು ಹೆಚ್ಚಿದಳು. ಅಡುಗೆ ಆಯಿತು. ನನಗೆ ಬಡಿಸಿಟ್ಟು ಕೋಣೆಗೆ ಹೋದಳು. ತಟ್ಟೆ ಮುಂದೆ ಇದೆ.

ಮಾರ್ಚ್ 30, ಸೋಮವಾರ

ಅಕ್ಕ ಅಚ್ಚಿನಣ್ಣನ ಮನೆಗೆ ಹೋಗಿ ಬಂದಳು. ಅವರು ಬೈಯಲಿಲ್ಲವಂತೆ. ಕುರ್ಚಿ ಒರೆಸಿ ಕೂರಿಸಿದರಂತೆ. ಕಾಲಿಗೆ ಬೀಳಲು ಹೋದರೆ ತಡೆದರಂತೆ. ಮಾಲೀಕರಿಗೆ ಎಲ್ಲ ಹೇಳಿದ್ದೀನಿ, ವಾಪಸ್ ಬನ್ನಿ ಅಂದದ್ದಕ್ಕೆ ಆ ಟೇಬಲಿನಲ್ಲಿ ಇನ್ನು ಕೂರಲು ಆಗುವುದಿಲ್ಲ ಅಂದರಂತೆ. ಹೊರಡುವಾಗ ಇಷ್ಟು ಹೇಳಿದರಂತೆ: ಒಂದು ಸಲ ಪಕ್ಕಕ್ಕೆ ಕರೆದು ಕೇಳಬಹುದಿತ್ತಲ್ಲಮ್ಮ, ಸೊಸೆ ಎದುರು ತಲೆ ಎತ್ತುವುದು ಕಷ್ಟವಾಗಿದೆ.

ನಾನೂ ಹೋಗಿ ಕ್ಷಮೆ ಕೇಳಿ ಬರುತ್ತೇನೆ ಅಂದೆ.

"ನೀನು ಹೋಗ್ಬೇಡ," ಅಂದಳು. "ಹೋಗಿ ಬಂದ್ರೆ ನಿನಗೆ ಹಗುರ ಆಗ್ಬಿಡತ್ತೆ."

ಏಪ್ರಿಲ್ 3, ಶುಕ್ರವಾರ

ಪಟ್ಟಿಯ ಕೊನೆಗೆ ಮೂರು ಸಾಲು ಸೇರಿಸಿದ್ದೆ: ಹಲ್ಲಿನ ಅಡುಗೆಮನೆ ಒಬ್ಬರು ಕೈಯಾರೆ ಎಂಟು ತಿಂಗಳು ಕೂತು ಮಾಡಿದ್ದು, ಅವರನ್ನು ಕೇಳದೆ ಹಾಕಿದ್ದು, ತಪ್ಪು ನನ್ನದು. ಬೆಳಿಗ್ಗೆ ನೋಡಿದರೆ ಇಲ್ಲ. ಎಡಿಟರ್ ತೆಗೆದಿದ್ದಾರೆ. ಅದು ಹಳೇ ಕಥೆಯಾಯಿತು, ಜನಕ್ಕೆ ನೆನಪೂ ಇಲ್ಲ, ಈಗ ಎಲ್ಲರೂ ಹಾಡುವ ಚಪ್ಪಲಿ ಹಿಂದೆ ಬಿದ್ದಿದ್ದಾರೆ ಅಂದರು. ನಿಜ. ಹುಡುಕಿ ನೋಡಿದೆ. ಅಮ್ಮನ ಫಿಲ್ಟರ್ ಹಾಕಿಕೊಂಡವರು ಇಡೀ ದಿನದಲ್ಲಿ ಹನ್ನೊಂದು ಜನ.

ನಾಲ್ಕು ವಾರ. ಅಷ್ಟಕ್ಕೆ ಮುಗಿಯಿತು ಜಗತ್ತಿಗೆ.

ಸಂಜೆ ಮನೆಗೆ ಬಂದರೆ ಅಕ್ಕನ ಕೋಣೆಯ ಶೆಲ್ಫ್ ಖಾಲಿ. ಧೂಳಿನಲ್ಲಿ ಹದಿನಾಲ್ಕು ಗುರುತು. ಎಲ್ಲಿ ಹೋದವು ಅಂತ ಕೇಳಿದೆ. ಬೆಳಿಗ್ಗೆ ಕಸದ ಗಾಡಿ ಬಂದಿತ್ತು ಅಂದಳು.

ಅಮ್ಮನದೂ?

ನಲ್ಲಿಯಲ್ಲಿ ನೀರು ಬರುತ್ತಿದೆ, ಬಕೆಟ್ ಇಡು ಅಂದಳು. ಇಟ್ಟೆ.

ಏಪ್ರಿಲ್ 9, ಗುರುವಾರ, ಸಂಜೆ 7

ಮಾತು ಬಿಟ್ಟಿಲ್ಲ ಅವಳು. ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಗ್ಯಾಸ್ ಬುಕ್ ಮಾಡು, ಕರೆಂಟು ಬಿಲ್ಲು ಬಂತಾ, ಹಾಲು ಒಡೆದಿದೆ. ಅಷ್ಟೇ. ನಾನು ಬರುವಷ್ಟರಲ್ಲಿ ಅವಳ ಊಟ ಮುಗಿದಿರುತ್ತದೆ. ನನ್ನದು ಮುಚ್ಚಿಟ್ಟಿರುತ್ತಾಳೆ. ಬಿಸಿಯಾಗೇ ಇರುತ್ತದೆ, ಅದೇ ತಡೆಯಲಾಗದ್ದು.

ಇವತ್ತು ಬೇಗ ಬಂದೆ. ಏಳನೇ ಜಾಗಕ್ಕೆ ಏನೂ ಸಿಗಲಿಲ್ಲ, ಖಾಲಿ ಬಿಟ್ಟೇ ಎದ್ದು ಬಂದೆ, ಪೇಜು ಏನಾದರೂ ಆಗಲಿ. ಬಸ್ಸಿನಲ್ಲಿ ಪೂರ್ತಿ ತಯಾರಿ ಮಾಡಿಕೊಂಡೆ. ಅಕ್ಕ, ಹೊಡಿ. ಅಕ್ಕ, ಮನೆ ಬಿಟ್ಟು ಹೋಗು ಅನ್ನು, ಹೋಗುತ್ತೇನೆ. ಹೀಗೆ ಮಾತ್ರ ಇರಬೇಡ.

ಅವಳ ಕೋಣೆಯ ಬಾಗಿಲು ತಟ್ಟಿದೆ.

"ಏನು?"

ಊಟ ಆಯ್ತಾ ಅಂತ ಕೇಳಿದೆ. ಬಾಯಿಗೆ ಅದೇ ಬಂತು.

"ಆಯ್ತು."

ಹೆಜ್ಜೆ ಸದ್ದು ಬಾಗಿಲ ಹತ್ತಿರ ಬಂತು, ನಿಂತಿತು. ಚಿಲಕ ತೆಗೆಯಲಿಲ್ಲ. ವಾಪಸ್ಸೂ ಹೋಗಲಿಲ್ಲ. ಕೆಳಗಿನ ಸಂದಿಯಲ್ಲಿ ಅವಳ ಕಾಲ ನೆರಳು ಕಾಣುತ್ತಿತ್ತು. ಅಕ್ಕ ಅಂದೆ. ಒಳಗಿಂದ ಉಸಿರಾಡುವುದು ಕೇಳುತ್ತಿತ್ತು. ಇನ್ನೊಂದು ಸಲ ಕರೆಯಬೇಕು ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಅವಳು, "ನಿನ್ನದು ಮುಚ್ಚಿಟ್ಟಿದ್ದೀನಿ, ಆರೋಕ್ ಮುಂಚೆ ಊಟ ಮಾಡು" ಅಂದಳು, ಸಂದಿಯ ನೆರಳು ಸರಿದುಹೋಯಿತು.