ಇಲ್ಲದ ಶಾಖೆಯ ಮೇಲಿನ ಮಹಡಿಯಲ್ಲಿ ಮಾವನವರ ಹಲ್ಲು

ಬ್ಯಾಂಕಿನ ಶಾಖಾ ಸಂಕೇತಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಶಾಖೆಯೊಂದರ ಕೌಂಟರಿನಿಂದ ನಾನು ಒಂದು ಪೆನ್ನು ಕದ್ದಿದ್ದೇನೆ, ದಾರಸಮೇತ. ಈ ಪತ್ರವನ್ನು ಅದರಲ್ಲೇ ಬರೆಯುತ್ತಿದ್ದೇನೆ. ಪೊಲೀಸರನ್ನು ಕರೆಯುವ ಮುನ್ನ ಕಾನೂನಿನ ಒಂದು ತೊಡಕನ್ನು ಗಮನಿಸಿ: ನಿಮ್ಮ ಪಟ್ಟಿಯ ಪ್ರಕಾರ ಆ ಶಾಖೆಯೇ ಇಲ್ಲ. ಅದರ ಕೋಡನ್ನು ಹೋದ ತಿಂಗಳು ನೀವೇ ಅಳಿಸಿಹಾಕಿದಿರಿ. ಇಲ್ಲದ ಶಾಖೆಯ ಇಲ್ಲದ ಕೌಂಟರಿಗೆ ಕಟ್ಟಿದ್ದ ಪೆನ್ನನ್ನು ಕದ್ದವನನ್ನು ಯಾವ ನ್ಯಾಯಾಲಯ ತಾನೇ ಶಿಕ್ಷಿಸೀತು?

ಮೊಬೈಲಿನಲ್ಲಿ ಹಣ ಕಳಿಸಲು ಖಾತೆಯ ಸಂಖ್ಯೆಯೊಂದೇ ಸಾಲದು, ಶಾಖೆಯ ಕೋಡೂ ಬೇಕು. ಖಾತೆ ಮನೆಯಾದರೆ ಕೋಡು ಬೀದಿ. ನಮ್ಮ ಮನೆಯಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ. ನಾದಿನಿಯ ಬಾಡಿಗೆಯಿಂದ ಷಡ್ಡಕನ ದಂಡದವರೆಗೆ ಎಲ್ಲವೂ ನನ್ನ ಹೆಬ್ಬೆರಳಿನ ಕೆಳಗೇ ಹಾದುಹೋಗಿವೆ, ಒಂದಂಕೆಯೂ ತಪ್ಪಿಲ್ಲ. ಕೋಡು ಒತ್ತಿ ಒತ್ತಿ ನನ್ನ ತಲೆಗೂ ಎರಡು ಮೂಡಿವೆ ಎಂದು ಹೆಂಡತಿ ಆಡಿಕೊಳ್ಳುವುದುಂಟು. ಅದನ್ನು ನಾನು ಪ್ರಶಸ್ತಿಯೆಂದೇ ಸ್ವೀಕರಿಸಿದ್ದೇನೆ.

ಈಗ ಹಲ್ಲಿನ ವಿಚಾರ. ನನ್ನ ಮಾವನವರು ರೈಲು ನಿಲ್ದಾಣದಲ್ಲಿ ಬದುಕೆಲ್ಲ ಉದ್ಘೋಷಕರಾಗಿದ್ದವರು. ಅವರ ಗಂಟಲು ಕೇಳಿ ಓಡಿ ರೈಲು ಹಿಡಿದವರು ಊರಲ್ಲಿ ಅರ್ಧ ಜನ. ಬರುವ ಭಾನುವಾರ ಅಲ್ಲಿ ಯಂತ್ರದ ಧ್ವನಿ ಶುರುವಾಗಲಿದೆ. ಅದಕ್ಕೆ ಮುಂಚೆ ಕೊನೆಯ ರೈಲೊಂದನ್ನು ಮಾವನವರೇ ಸ್ವಂತ ಬಾಯಲ್ಲಿ ಕೂಗಬೇಕೆಂದು ಕರೆ ಬಂದಿದೆ. ಬಾಯೇನೋ ಸ್ವಂತದ್ದೇ, ಹಲ್ಲು ಮಾತ್ರ ಕಟ್ಟಿಸಿದ್ದು. ಅದು ಒಡೆದುಹೋಗಿ, ಹೊಸ ಸೆಟ್ಟು ತಯಾರಾಗಿ, ದಂತವೈದ್ಯರ ಕಪಾಟಿನಲ್ಲಿ ಗಾಜಿನ ಲೋಟದೊಳಗೆ ಕುಳಿತು ನಗುತ್ತಿದೆ. ಇತ್ತ ಮಾವನವರು ಬಚ್ಚಲಲ್ಲಿ ಅಭ್ಯಾಸ ಮಾಡುತ್ತಾರೆ: "ಪ್ರಯಾಣಿಕರು ಹಯವಿಟ್ಟು ಗಮನಿಹಿ." ಹಯವಿಟ್ಟರೆ ಅದು ನಿಲ್ದಾಣವೋ ಲಾಯವೋ? ನಿಮ್ಮಲ್ಲಿ ಹಣ ವರ್ಗಾವಣೆಯಾಗದೆ ನಮ್ಮಲ್ಲಿ ಇಡೀ ತ-ವರ್ಗವೇ ವರ್ಗಾವಣೆಯಾಗಿದೆ, ಮಾನ್ಯರೇ.

ದಂತವೈದ್ಯರ ಖಾತೆ ಇರುವುದು ಅವರ ದವಾಖಾನೆಯ ಕೆಳಗಿನ ಮಹಡಿಯ ಶಾಖೆಯಲ್ಲಿ. ನಾನು ದವಾಖಾನೆಯಲ್ಲೇ ನಿಂತು ಕೋಡು ಒತ್ತಿದೆ. "ಇಂಥ ಶಾಖೆ ಅಸ್ತಿತ್ವದಲ್ಲಿಲ್ಲ" ಎಂದಿತು ಮೊಬೈಲು. ಮೆಟ್ಟಿಲಿಳಿದು ನೋಡಿದರೆ ಶಾಖೆ ಇದೆ! ಗಾಜಿನ ಬಾಗಿಲು, ಹರಿದ ಸೋಫಾ, ಕೌಂಟರಿನ ಹಿಂದೆ ಉಗುರು ಕತ್ತರಿಸಿಕೊಳ್ಳುತ್ತಿದ್ದ ಗುಮಾಸ್ತೆ.

"ಏನಮ್ಮ, ನಿಮ್ಮ ಶಾಖೆ ಇಲ್ವಂತೆ?"

"ಹೌದು ಸಾರ್, ನಾವಿಲ್ಲ," ಎಂದರು ಆಕೆ, ತಲೆಯೆತ್ತದೆ.

"ಮತ್ತೆ ಫ್ಯಾನು ಸುತ್ತುತ್ತಾ ಇದೆಯಲ್ಲ?"

"ಅದಕ್ಕಿನ್ನೂ ಸುತ್ತೋಲೆ ಬಂದಿಲ್ಲ ಸಾರ್."

ಆಮೇಲೆ ವಿವರ ತಿಳಿಯಿತು. ಮುಚ್ಚಬೇಕಾಗಿದ್ದದ್ದು ಕೆರೆ ಬದಿಯ ಶಾಖೆ. ಪಟ್ಟಿಯಲ್ಲಿ ಅದು ಇವರ ಕೆಳಗಿನ ಸಾಲು. ನಿಮ್ಮ ಕಚೇರಿಯ ಯಾರದೋ ಕೈ ಒಂದು ಸಾಲು ಮೇಲೆ ಬಿತ್ತು.

"ಹಾಗಾದ್ರೆ ಕೆರೆ ಬದಿಯ ಕೋಡು?"

"ಅದು ಗಟ್ಟಿಮುಟ್ಟಾಗಿದೆ ಸಾರ್. ದುಡ್ಡು ಸಲೀಸಾಗಿ ಹೋಗುತ್ತೆ."

"ಅಲ್ಲಿ ಯಾರಿದ್ದಾರೆ?"

"ಬೀಗ."

ಇರುವವರಿಗೆ ಕೋಡಿಲ್ಲ, ಕೋಡಿರುವಲ್ಲಿ ಜನರಿಲ್ಲ. ಇದನ್ನು ವೇದಾಂತಿಗಳು ಹೇಳಿದ್ದರೆ ಕಾಲಿಗೆ ಬೀಳುತ್ತಿದ್ದೆವು. ಬ್ಯಾಂಕು ಹೇಳಿದರೆ ಎಲ್ಲಿಗೆ ಬೀಳೋಣ? ವ್ಯವಸ್ಥಾಪಕರನ್ನು ಕಂಡೆ. ಬಡಪಾಯಿ, ನಿಮಗೆ ಆಗಲೇ ಬರೆದಿದ್ದರು. "ಅಸ್ತಿತ್ವದಲ್ಲಿಲ್ಲದ ಶಾಖೆಗಳ ಪತ್ರಗಳನ್ನು ಪರಿಗಣಿಸಲಾಗುವುದಿಲ್ಲ" ಎಂದು ನೀವು ಉತ್ತರಿಸಿದ್ದಿರಿ. ಆ ಉತ್ತರ ಮಾತ್ರ ಇಲ್ಲದ ಶಾಖೆಯ ಸರಿಯಾದ ವಿಳಾಸಕ್ಕೇ ಬಂದು ಮುಟ್ಟಿತ್ತು! "ನಮ್ಮ ಸಂಬಳಾನೂ ಆ ಕೋಡಿನ ಮೇಲೇ ಬರೋದು ಸಾರ್," ಎಂದು ಅವರು ನನಗೇ ಒಂದು ಅರ್ಜಿ ಕೊಡಲು ನೋಡಿದರು. ಆ ಗಲಿಬಿಲಿಯಲ್ಲೇ ಪೆನ್ನು ನನ್ನ ಜೇಬಿಗೆ ಬಂದದ್ದು.

ನಗದು ಕೊಟ್ಟುಬಿಡಬಾರದಿತ್ತೇ ಎಂದು ನೀವು ಕೇಳಬಹುದು. ಮಾನ್ಯರೇ, ಅದು ತತ್ತ್ವದ ಪ್ರಶ್ನೆ. ಕೈಯಿಂದ ಕೈಗೆ ಕಾಸು ಕೊಡುವ ಯುಗ ಮುಗಿಯಿತೆಂದು ಸಾರಿದವರು ನೀವು, ನಂಬಿದವನು ನಾನು. ಮಾವನವರ ಹಲ್ಲಿಗಾಗಿ ಈ ಮನೆಯಲ್ಲಿ ಹಗಲಿರುಳು ಹೋರಾಡಿದವನು ಯಾರಾದರೂ ಇದ್ದರೆ ಅದು ನಾನೇ. ಅಳಿಯನಿಗೂ ಮಗನಿಗೂ ವ್ಯತ್ಯಾಸವಿಲ್ಲವೆಂದು ಊರೇ ಹೇಳಬೇಕು, ಹಾಗೆ ಹೋರಾಡಿದ್ದೇನೆ. ಆದ್ದರಿಂದ ನನ್ನ ಆಗ್ರಹ ಇಷ್ಟೇ: ಭಾನುವಾರದೊಳಗೆ ಆ ಶಾಖೆಗೆ ಅದರ ಕೋಡನ್ನು ಮರಳಿಸಿ. ಅಳಿಸಿದವರನ್ನು ಆ ಹರಿದ ಸೋಫಾದ ಮೇಲೆ ಒಂದು ದಿನ ಕೂರಿಸಿ, "ನೀವು ಇಲ್ಲ" ಎಂದು ಎಲ್ಲರೂ ಅವರಿಗೆ ಹೇಳಿ ಹೋಗಲಿ.

ಇಷ್ಟು ಬರೆದು ಸಹಿ ಹಾಕುವಷ್ಟರಲ್ಲಿ ಅತ್ತೆ ಹೊರಗಿನಿಂದ ಬಂದರು. ಕೈಚೀಲದಿಂದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಹಲ್ಲು.

"ಯಾವ ಕೋಡು ಒತ್ತಿದ್ರಿ ಅತ್ತೆ?"

"ಒತ್ತಿದ್ದು ಕರೆಗಂಟೆ. ಡಾಕ್ಟ್ರು ಬಂದ್ರು, ಕೊಟ್ರು."

"ಹಾಗೇ ಕೊಟ್ರಾ?"

"ಮೊದಲ ದಿನವೇ ತಗೊಂಡ್ಹೋಗಿ, ದುಡ್ಡು ಯಾವಾಗಲಾದ್ರೂ ಬರಲಿ ಅಂದಿದ್ರಂತಲ್ಲಪ್ಪ. ನೀನೇ ಬೇಡ ಅಂದ್ಯಂತೆ!"

ಇದು ನಿಜ, ಮಾನ್ಯರೇ. ಅವರು ಹಲ್ಲನ್ನು ಕೈಗೇ ಕೊಡಬಂದಿದ್ದರು. "ಒಂದೇ ನಿಮಿಷ ಡಾಕ್ಟ್ರೇ, ನಾನು ಸಾಲದಲ್ಲಿ ಹಲ್ಲು ಒಯ್ಯೋ ಪೈಕಿ ಅಲ್ಲ, ನೋಡ್ತಾ ಇರಿ" ಎಂದು ಮೊಬೈಲು ತೆಗೆದವನು ನಾನೇ. ನನ್ನ ಹೆಬ್ಬೆರಳಿನ ಚಳಕವನ್ನು ಅವರಿಗೆ ತೋರಿಸಬೇಕಿತ್ತು. ಆಮೇಲೆ ಬರಿಗೈಯಲ್ಲಿ ಕೇಳಲು ನಾಚಿಕೆಯಾಯಿತು. ಆ ನಾಚಿಕೆಗೆ ನಿಮ್ಮ ತಪ್ಪಿನ ಅಂಗಿ ತೊಡಿಸಿ ಇಷ್ಟುದ್ದ ಬರೆದೆ.

ಈಗ ಆಗ್ರಹದಲ್ಲಿ ಸಣ್ಣ ತಿದ್ದುಪಡಿ. ಹಲ್ಲು ತಡವಾದದ್ದು ಕೇವಲ ಕೋಡಿನಿಂದ, ಅಳಿಯಂದಿರಿಂದಲ್ಲ ಎಂದು ಮೊಹರು ಒತ್ತಿದ ಒಂದು ಚೀಟಿ ಕೊಡಿ. ಬೇಗ ಕೊಡಿ. ಮಾವನವರು ಕನ್ನಡಿಯ ಮುಂದೆ ಹಲ್ಲು ಕೂರಿಸಿಕೊಳ್ಳುತ್ತಿದ್ದಾರೆ, ಅತ್ತೆ ಪಕ್ಕದಲ್ಲೇ ನಿಂತು ಅವರಿಗೆ ಏನೋ ಹೇಳುತ್ತಿದ್ದಾರೆ.

ಇಂತಿ,
ಸದ್ಯಕ್ಕೆ ಈ ಮನೆಯಲ್ಲಿ ಅಸ್ತಿತ್ವದಲ್ಲಿಲ್ಲದಿದ್ದರೆ ಒಳ್ಳೆಯದೆನ್ನಿಸುತ್ತಿರುವ
ಅಳಿಯ